ವಚನಗಾಯನದ ವೇದಿಕೆಗೆ ಬಂದ ವಿದ್ಯುತ್ತು

ಶ್ರಾವಣ ಮಾಸದ ಪ್ರವಚನಕ್ಕೆಂದು ಊರೂರು ಸುತ್ತುವುದು ನಮಗೆ ನಲವತ್ತು ವರ್ಷಗಳ ರೂಢಿ. ಮೊದಲೆಲ್ಲ ನಮ್ಮೊಡನೆ ಬರುತ್ತಿದ್ದವರು ಹಾರ್ಮೋನಿಯಂ ನುಡಿಸುವವರೊಬ್ಬರು, ತಬಲಾದವರೊಬ್ಬರು. ಪ್ರವಚನದ ಮೊದಲಿಗೆ ಎರಡು ವಚನ, ನಡುವೆ ಒಂದು, ಮಂಗಲಕ್ಕೆ ಒಂದು. ಇಷ್ಟರಲ್ಲಿ ಸಂಗೀತಸೇವೆ ಮುಗಿಯುತ್ತಿತ್ತು. ಮೂರು ವರ್ಷಗಳಿಂದ ಈ ಸೇವೆಯನ್ನು ನಾಲ್ಕು ಊರಿನ ನಾಲ್ವರು ತರುಣರು ವಹಿಸಿಕೊಂಡಿದ್ದಾರೆ. ಗಿಟಾರ್ ನುಡಿಸುತ್ತ ಹಾಡುವವನು ಬೆಟಗೇರಿಯ ನೇಕಾರ ಮನೆತನದ ಹುಡುಗ. ಬೇಸ್ ಗಿಟಾರ್ ಎಂಬ ನಾಲ್ಕು ತಂತಿಯ ಮಂದ್ರವಾದ್ಯವನ್ನು ನುಡಿಸುವವನು ಮುಂಡರಗಿಯವನು. ತಬಲಾದವನು ಶಿರಹಟ್ಟಿ, ಕೀಬೋರ್ಡಿನವನು ಲಕ್ಷ್ಮೇಶ್ವರ. ನಾಲ್ವರೂ ಮೈತುಂಬ ವಿಭೂತಿ ಧರಿಸಿ, ಬರಿಗಾಲಲ್ಲಿ ವೇದಿಕೆಯೇರಿ, ಶರಣರ ನುಡಿಗಳನ್ನು ಹಾಡುತ್ತಾರೆ.

ಮಠದ ವೇದಿಕೆಗೆ ಗಿಟಾರ್ ಶೋಭಿಸುವುದೇ ಎಂದು ಕೇಳಿದ ಹಿರಿಯರಿದ್ದಾರೆ. ಅವರಿಗೆ ನಾವು ಹೇಳುವುದು ಇಷ್ಟೆ. ಪರದೇಶದಿಂದ ಬಂದ ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಒಗ್ಗದೆಂದು ಆಕಾಶವಾಣಿಯು 1940ರಲ್ಲಿ ಅದನ್ನು ಬಹಿಷ್ಕರಿಸಿತು. ಆ ನಿರ್ಬಂಧ ಸಡಿಲಾದದ್ದು 1971ರಲ್ಲಿ. ಅಷ್ಟರಲ್ಲಿ ಅದು ನಮ್ಮ ಪ್ರತಿಯೊಂದು ಭಜನಾಮಂದಿರದ ವಾದ್ಯವಾಗಿಬಿಟ್ಟಿತ್ತು. ಪಿಟೀಲೂ ಹೊರಗಿನಿಂದಲೇ ಬಂದದ್ದು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ಅಂಧಮಕ್ಕಳಿಗೆ ಸಂಗೀತವಿದ್ಯೆಯನ್ನು ಧಾರೆಯೆರೆಯುವಾಗ ವಾದ್ಯ ಯಾವ ದೇಶದ್ದೆಂದು ವಿಚಾರಿಸಲಿಲ್ಲ. ಬೆಂಗಳೂರಿನ ಜಿ. ರಾಜನಾರಾಯಣ ಎಂಬ ಕೊಳಲುವಾದಕರೂ ಎಂಜಿನಿಯರರೂ ಆದವರು ರೂಪಿಸಿದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಇಂದು ಬಳಸದ ಗಾಯಕರು ವಿರಳ. ಆದ್ದರಿಂದ ಗಿಟಾರಿನ ವಿಷಯದಲ್ಲಿ ನಮಗೆ ತಕರಾರಿರಲಿಲ್ಲ. ನಮ್ಮ ತಕರಾರು ಇದ್ದುದು ಅದರ ಜೊತೆಗೆ ಬಂದ ಸಪ್ಪಳದ ಮೇಲೆ.

ಗಿಟಾರಿನವನ ಕಾಲ ಬಳಿ ಐದು, ಬೇಸಿನವನ ಕಾಲ ಬಳಿ ಮೂರು ಪುಟ್ಟ ಲೋಹದ ಪೆಟ್ಟಿಗೆಗಳಿರುತ್ತವೆ. ಅವಕ್ಕೆ ಪೆಡಲ್ ಎನ್ನುತ್ತಾರೆ. ತಂತಿಯಿಂದ ಹೊರಟ ನಾದ ಇವುಗಳ ಮೂಲಕ ಹಾಯ್ದು ಧ್ವನಿವರ್ಧಕವನ್ನು ಸೇರುತ್ತದೆ. ಒಂದು ಪೆಟ್ಟಿಗೆ ನಾದಕ್ಕೆ ಗವಿಯೊಳಗಿನ ಮಾರ್ದನಿ ಕೊಡುತ್ತದೆ, ಇನ್ನೊಂದು ಒಂದೇ ಸ್ವರವನ್ನು ಎರಡು ಮೂರು ಸಲ ಮರುಕಳಿಸುತ್ತದೆ, ಮತ್ತೊಂದು ಶ್ರುತಿ ಸರಿಯಿದೆಯೇ ಎಂಬುದನ್ನು ದೀಪದಿಂದ ತೋರಿಸುತ್ತದೆ. ಬೇಕಾದಾಗ ಕಾಲಿನಿಂದ ಒತ್ತಿದರೆ ಸಾಕು. ಪ್ರತಿ ಪೆಟ್ಟಿಗೆಗೂ ವಿದ್ಯುತ್ತು ಬೇಕು. ಹುಡುಗರು ಒಂದೇ ಅಡಾಪ್ಟರಿಗೆ ಕವಲೊಡೆದ ತಂತಿ ಹಚ್ಚಿ ಎಂಟೂ ಪೆಟ್ಟಿಗೆಗಳಿಗೆ ಹಂಚಿದ್ದರು.

ಫಲ ಏನಾಯಿತೆಂದರೆ, ಅವರು ನುಡಿಸುತ್ತಿರುವಾಗ ಕಾಣದಿದ್ದ ಗುಂಯ್ ಎಂಬ ಸಪ್ಪಳ ಅವರು ನಿಲ್ಲಿಸಿದೊಡನೆ ಎದ್ದು ಕುಳಿತುಕೊಳ್ಳುತ್ತಿತ್ತು. ಅಲ್ಲಮಪ್ರಭುವಿನ ಶೂನ್ಯವನ್ನು ವಿವರಿಸುತ್ತ ನಾವು ಒಂದು ಕ್ಷಣ ಮೌನ ತಾಳಿದರೆ, ಆ ಮೌನದ ತುಂಬ ಗುಂಯ್! ಸಭಿಕರಲ್ಲಿ ಮಕ್ಕಳು ನಗುತ್ತಿದ್ದರು. ನಮಗೆ ಸಿಟ್ಟು ಬರುತ್ತಿತ್ತು.

ಕಳೆದ ವರ್ಷದ ಶ್ರಾವಣದಲ್ಲಿ ಲಕ್ಷ್ಮೇಶ್ವರದ ಸಮೀಪದ ಹಳ್ಳಿಯೊಂದರಲ್ಲಿ ಈ ಸಿಟ್ಟು ಮಿತಿ ಮೀರಿತು. ಹೊರಗೆ ಜಿನುಗುಮಳೆ. ಗುಡಿಯ ಕಟ್ಟೆಯನ್ನೇ ವೇದಿಕೆ ಮಾಡಿದ್ದರು. ಕಲ್ಲಿಗೆ ತೇವ ಹಿಡಿದಿತ್ತು. ಪ್ರವಚನದ ಮಧ್ಯೆ ನಾವು ಮೈಕಿನಲ್ಲಿಯೇ, "ಹೇಗಾದರೂ ಮಾಡಿ ಆ ಸಪ್ಪಳವನ್ನು ನಿಲ್ಲಿಸಿರಪ್ಪಾ" ಎಂದೆವು. ಐದು ನಿಮಿಷದಲ್ಲಿ ಸಪ್ಪಳ ನಿಂತಿತು. ಯಾರು ಏನು ಮಾಡಿದರೆಂದು ನಾವು ಕೇಳಲಿಲ್ಲ. ಸಂತೋಷಪಟ್ಟು ಅದನ್ನೂ ಮೈಕಿನಲ್ಲಿಯೇ ಹೇಳಿದೆವು. ಮಂಗಲದ ವಚನಕ್ಕೆ ಹುಡುಗ ಗಿಟಾರ್ ಹಿಡಿದು ಎದ್ದು ನಿಂತ. ತುಟಿ ಮೈಕಿಗೆ ತಾಗಿತು. ಅವನು ಬಾಯಿ ತೆರೆದ ಹಾಗೆಯೇ ಹಿಂದಕ್ಕೆ ಬಿದ್ದ. ಕೈ ತಂತಿಗಳ ಮೇಲೆ ಮುಷ್ಟಿಗಟ್ಟಿತ್ತು. ನಮ್ಮ ಪಕ್ಕದಲ್ಲಿದ್ದವರು ಅವನನ್ನು ಹಿಡಿಯಲು ಧಾವಿಸಿದರು. ಕೀಬೋರ್ಡಿನ ಹುಡುಗ "ಮುಟ್ಟಬ್ಯಾಡ್ರಿ, ಮುಟ್ಟಬ್ಯಾಡ್ರಿ!" ಎಂದು ಕೂಗುತ್ತ ಓಡಿಹೋಗಿ ಬೋರ್ಡಿನ ಪ್ಲಗ್ಗುಗಳನ್ನೆಲ್ಲ ಕಿತ್ತ. ಆ ತರುಣನ ಸಮಯಪ್ರಜ್ಞೆ ಇಲ್ಲದಿದ್ದರೆ ಈ ಲೇಖನದ ಸ್ವರೂಪ ಬೇರೆ ಇರುತ್ತಿತ್ತು.

ಹುಡುಗ ಬದುಕಿದ. ತುಟಿಯ ಮೇಲೊಂದು ಸುಟ್ಟ ಗಾಯ, ಎರಡು ದಿನ ಎಡಗೈಗೆ ಜೋಮು. ಒಂದು ರಾತ್ರಿ ಲಕ್ಷ್ಮೇಶ್ವರದಲ್ಲಿ ವೈದ್ಯರು ಇರಿಸಿಕೊಂಡರು. ಅವನ ತಾಯಿ ಬೆಟಗೇರಿಯಿಂದ ಬಂದವರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ, ಕಾಲು ಮುಟ್ಟಿ ನಮಸ್ಕರಿಸಿದರು. ಆ ನಮಸ್ಕಾರವನ್ನು ಸ್ವೀಕರಿಸುವುದು ನಮಗೆ ಕಷ್ಟವಾಯಿತು. ಸಪ್ಪಳ ನಿಂತದ್ದು ಹೇಗೆಂಬುದು ಆ ಹೊತ್ತಿಗೆ ತಿಳಿದಿತ್ತು. ಗಿಟಾರಿನ ಧ್ವನಿವರ್ಧಕದ ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪನೆಯದಾದ ಮೇಲಿನ ಪಿನ್ನನ್ನು ಯಾರೋ ತೆಗೆದುಬಿಟ್ಟಿದ್ದರು. ತೆಗೆದವರು ನಾವು ಹೇಳಿದ್ದನ್ನು ಮಾಡಿದರಷ್ಟೆ.

ವೇದಾಂತವನ್ನೂ ವ್ಯಾಕರಣವನ್ನೂ ಓದಿದ ನಮಗೆ ವಿದ್ಯುತ್ತಿನ ಓನಾಮ ಗೊತ್ತಿರಲಿಲ್ಲ. ಗದುಗಿನಲ್ಲಿ ರೇಡಿಯೋ, ಟೇಪ್ ರೆಕಾರ್ಡರುಗಳನ್ನು ರಿಪೇರಿ ಮಾಡುತ್ತಲೇ ಮುಪ್ಪಾದ ಹಿರಿಯರೊಬ್ಬರಿದ್ದಾರೆ. ಮುಂದಿನ ವಾರ ಎಂಟೂ ಪೆಡಲುಗಳನ್ನು ಚೀಲದಲ್ಲಿ ಹಾಕಿಕೊಂಡು, ನಾಲ್ವರು ಹುಡುಗರೊಡನೆ ಅವರ ಅಂಗಡಿಯ ಮುಂದೆ ಕುಳಿತೆವು. ಒಂದು ಮಧ್ಯಾಹ್ನವೆಲ್ಲ ಅವರು ಕಲಿಸಿದರು. ಈಗ ಅನೇಕ ಸದ್ಭಕ್ತರ ಮನೆಗಳಲ್ಲಿ ಮಕ್ಕಳು ಗಿಟಾರ್ ಕಲಿಯುತ್ತಿರುವುದರಿಂದ ಆ ಪಾಠವನ್ನು ಇಲ್ಲಿ ಬರೆಯುತ್ತಿದ್ದೇವೆ.

ಅವರು ಮೊದಲು ಹೇಳಿದ್ದು, ಸಪ್ಪಳಗಳು ಎರಡು ಬಗೆಯವು, ಎರಡನ್ನೂ ಒಂದೇ ಎಂದು ತಿಳಿದು ಮದ್ದು ಮಾಡಬಾರದು ಎಂದು. ಆದರೆ ಅದಕ್ಕೂ ಮುಂಚೆ ಪೆಡಲು ಏನನ್ನು ಉಣ್ಣುತ್ತದೆ ಎಂಬುದನ್ನು ತಿಳಿಯಬೇಕು.

ನಮ್ಮ ಮನೆಯ ಗೋಡೆಯಲ್ಲಿ ಬರುವುದು 230 ವೋಲ್ಟಿನ ಪರ್ಯಾಯ ವಿದ್ಯುತ್ತು. ಸೆಕೆಂಡಿಗೆ 50 ಆವರ್ತ ತೂಗಾಡುತ್ತದೆ. ಪೆಡಲಿಗೆ ಬೇಕಾದದ್ದು ಬಹುಮಟ್ಟಿಗೆ 9 ವೋಲ್ಟಿನ ನೇರ ವಿದ್ಯುತ್ತು. ಹಿಂದೆ ಇವೆಲ್ಲ ಚೌಕಾಕಾರದ 9 ವೋಲ್ಟಿನ ಬ್ಯಾಟರಿಯಿಂದಲೇ ನಡೆಯುತ್ತಿದ್ದುದರಿಂದ ಆ ಸಂಖ್ಯೆ ನಿಂತುಬಿಟ್ಟಿತು. ಜಪಾನಿನ ಬಾಸ್ ಕಂಪನಿಯು 1977ರಲ್ಲಿ ತನ್ನ ಪುಟ್ಟ ಪೆಡಲುಗಳನ್ನು ಮಾರುಕಟ್ಟೆಗೆ ತಂದಿತು. ಅದರ ಪದ್ಧತಿಯನ್ನೇ ಬಹಳ ಕಂಪನಿಗಳು ಅನುಸರಿಸುತ್ತವೆ: ದುಂಡನೆಯ ತೂತಿನ ಪಿನ್ನು, ನಡುವೆ ಋಣ, ಸುತ್ತಲೂ ಧನ. ಇದು ಮುಖ್ಯ. ಏಕೆಂದರೆ ಮನೆಯಲ್ಲಿರುವ ಇತರ ಅಡಾಪ್ಟರುಗಳು ಸಾಮಾನ್ಯವಾಗಿ ಇದಕ್ಕೆ ತಿರುಗುಮುರುಗು, ನಡುವೆ ಧನ. ಇಂಟರ್ನೆಟ್ಟಿನ ಪೆಟ್ಟಿಗೆಗೆ ಬರುವ ಅಡಾಪ್ಟರ್ ಹೆಚ್ಚಾಗಿ 12 ವೋಲ್ಟಿನದು, ನಡುವೆ ಧನ. ಅದರ ಪಿನ್ನು ಪೆಡಲಿಗೆ ಸಲೀಸಾಗಿ ಕೂಡುತ್ತದೆ. ಕೂಡಿತೆಂದು ಸ್ವಿಚ್ ಹಾಕಿದರೆ ಪೆಡಲು ಸುಟ್ಟುಹೋಗಬಹುದು. ಕೀಬೋರ್ಡುಗಳದೂ ಇದೇ ಗೊಂದಲ. ಕ್ಯಾಸಿಯೋ ಕಂಪನಿಯ ಹಳೆಯ ಮಾದರಿಗಳಲ್ಲಿ 9 ವೋಲ್ಟು, ನಡುವೆ ಋಣ. ಈಚಿನ ಹಲವು ಮಾದರಿಗಳಲ್ಲಿ 9.5 ವೋಲ್ಟು, ನಡುವೆ ಧನ. ಯಮಾಹಾದ ಸಣ್ಣ ಕೀಬೋರ್ಡುಗಳು 12 ವೋಲ್ಟಿನವು. ಪಿನ್ನು ಒಳಗೆ ಹೋಯಿತು ಎಂಬುದು ಯೋಗ್ಯತೆಯ ಪ್ರಮಾಣವಲ್ಲ. ಪೆಟ್ಟಿಗೆಯ ಮೈಮೇಲೆ ಒಂದು ಸಣ್ಣ ಚಿತ್ರವಿರುತ್ತದೆ: ನಡುವೆ ಚುಕ್ಕಿ, ಸುತ್ತ ಅರ್ಧ ವರ್ತುಲ, ಎರಡೂ ಕಡೆ ಕೂಡುವ ಕಳೆಯುವ ಚಿಹ್ನೆಗಳು. ಅಡಾಪ್ಟರಿನ ಚಿತ್ರವೂ ಪೆಡಲಿನ ಚಿತ್ರವೂ ಒಂದೇ ಆಗಿರಬೇಕು. ತಾಯಂದಿರು ಕನ್ನಡಕ ಹಾಕಿಕೊಂಡಾದರೂ ಇದನ್ನೊಮ್ಮೆ ನೋಡಬೇಕೆಂದು ನಮ್ಮ ಪ್ರಾರ್ಥನೆ.

ಇನ್ನು ಮಿಲಿಆಂಪಿಯರಿನ ಲೆಕ್ಕ. ವೋಲ್ಟು ಸರಿಯಾಗಿ ಹೊಂದಬೇಕು. ಆಂಪಿಯರು ಹಾಗಲ್ಲ, ಅಡಾಪ್ಟರಿನಲ್ಲಿ ಹೆಚ್ಚಿದ್ದರೆ ಕೇಡಿಲ್ಲ, ಕಡಿಮೆಯಿರಬಾರದು. ಕಣಜ ದೊಡ್ಡದಿದ್ದ ಮಾತ್ರಕ್ಕೆ ಉಣ್ಣುವವನು ಹೆಚ್ಚು ಉಣ್ಣುವುದಿಲ್ಲ. ನಮ್ಮ ಹುಡುಗರ ಪೆಡಲುಗಳ ಮೈಮೇಲೆ ಬರೆದುದನ್ನು ಒಂದು ಹಾಳೆಯಲ್ಲಿ ಇಳಿಸಿದೆವು. ಗಿಟಾರಿನವು: ಶ್ರುತಿ ತೋರಿಸುವುದು 30, ನಾದವನ್ನು ಒರಟು ಮಾಡುವುದು 10, ಕೋರಸ್ ಎಂಬುದು 20, ಮರುಕಳಿಸುವುದು 65, ಮಾರ್ದನಿ 95. ಬೇಸಿನ ಮೂರು ಸೇರಿ 100. ಒಟ್ಟು 320 ಮಿಲಿಆಂಪಿಯರ್. ಅವರು ಹಚ್ಚಿದ್ದ ಅಡಾಪ್ಟರಿನ ಮೇಲೆ 300 ಎಂದಿತ್ತು! ಹಳೆಯ ಮಾದರಿಯ ಪೆಡಲುಗಳು ಸ್ವಲ್ಪ ಉಣ್ಣುತ್ತವೆ. ಒಳಗೆ ಕಂಪ್ಯೂಟರಿನಂಥ ಚಿಪ್ಪು ಇರುವವು ಹತ್ತು ಪಟ್ಟು. ಆದ್ದರಿಂದಲೇ ಬ್ಯಾಟರಿಯ ಮಾತು ಈಗ ನಡೆಯುವುದಿಲ್ಲ. ಒಳ್ಳೆಯ ಆಲ್ಕಲೈನ್ ಬ್ಯಾಟರಿಯೊಂದು ಸುಮಾರು 500 ಮಿಲಿಆಂಪಿಯರ್ ಗಂಟೆಯಷ್ಟು ಕೊಡುತ್ತದೆ. ಹತ್ತು ಉಣ್ಣುವ ಪೆಟ್ಟಿಗೆಗೆ ಅದು ಇಡೀ ಶ್ರಾವಣಕ್ಕೆ ಸಾಲಬಹುದು, ಮಾರ್ದನಿಯ ಪೆಟ್ಟಿಗೆಗೆ ನಾಲ್ಕು ಗಂಟೆಯೂ ಕಷ್ಟ. ಆದರೆ ಬ್ಯಾಟರಿಯಷ್ಟು ನಿಶ್ಶಬ್ದವಾದ ವಿದ್ಯುತ್ತು ಬೇರೊಂದಿಲ್ಲ ಎಂಬುದನ್ನೂ ಹೇಳಬೇಕು. ಒಂದೋ ಎರಡೋ ಸರಳ ಪೆಡಲು ಇಟ್ಟುಕೊಂಡ ಹುಡುಗನಿಗೆ ನಮ್ಮ ಸಲಹೆ ಇಂದಿಗೂ ಬ್ಯಾಟರಿಯೇ. ನುಡಿಸಿ ಮುಗಿದ ಮೇಲೆ ಗಿಟಾರಿನ ವಾಯರನ್ನು ಪೆಡಲಿನಿಂದ ಕೀಳಬೇಕು; ಕೀಳದಿದ್ದರೆ ಒಳಗಿನ ಸಂಪರ್ಕ ಉಳಿದು ಬ್ಯಾಟರಿ ರಾತ್ರಿಯೆಲ್ಲ ಬತ್ತುತ್ತದೆ.

ಈಗ ಸಪ್ಪಳಕ್ಕೆ ಬರೋಣ. ಒಂದು ಅಡಾಪ್ಟರಿನಿಂದ ಎಂಟಕ್ಕೆ ಹಂಚಿದ್ದನ್ನು ನೋಡಿ ರಿಪೇರಿಯ ಹಿರಿಯರು ನಕ್ಕರು. "ಶಾಸ್ತ್ರಿಗೋಳ, ಒಂದ ತಾಟಿನ್ಯಾಗ ಎಂಟ ಮಂದಿ ಉಣ್ಣಾಕ ಕುಂತ್ರ ಒಬ್ಬರ ಕೈ ಒಬ್ಬರಿಗೆ ತಾಗದ ಇರತೈತೇನ್ರಿ?" ಚಿಪ್ಪಿರುವ ಪೆಡಲು ವಿದ್ಯುತ್ತನ್ನು ಒಂದೇ ಸಮನೆ ಉಣ್ಣುವುದಿಲ್ಲ, ಸೆಕೆಂಡಿಗೆ ಸಾವಿರಾರು ಸಲ ಗಬಕ್ ಗಬಕ್ ಎಂದು ನುಂಗುತ್ತದೆ. ಆ ಎಳೆದಾಟ ಅದೇ ತಂತಿಯಲ್ಲಿರುವ ಉಳಿದವುಗಳಿಗೆ ತಾಗಿ ಕೀಂ ಎಂಬ ಸಣ್ಣ ಕೂಗಾಗುತ್ತದೆ. ನಾದವನ್ನು ಒರಟು ಮಾಡುವ ಪೆಡಲು ಅದನ್ನು ನೂರು ಪಟ್ಟು ದೊಡ್ಡದು ಮಾಡಿ ಹೊರಗೆ ಕಳಿಸುತ್ತದೆ. ಇದು ಮೊದಲನೆಯ ಸಪ್ಪಳ. ಇದಕ್ಕೆ ಮದ್ದು, ಪ್ರತಿ ಪೆಡಲಿಗೂ ಒಳಗಿನಿಂದಲೇ ಬೇರೆಯಾದ ಕವಲು ಕೊಡುವ ಪೂರೈಕೆಯ ಪೆಟ್ಟಿಗೆ. ದಾಸೋಹದ ಪಂಕ್ತಿ ಒಂದೇ, ಎಲೆ ಬೇರೆ ಬೇರೆ.

ಎರಡನೆಯದು ಗುಂಯ್. ಗಿಟಾರಿನ ಧ್ವನಿವರ್ಧಕಕ್ಕೆ ಒಂದು ಕಡೆಯ ಬೋರ್ಡಿನಿಂದ, ಮೈಕ್ ಸೆಟ್ಟಿಗೆ ಇನ್ನೊಂದು ಕಡೆಯ ಬೋರ್ಡಿನಿಂದ ವಿದ್ಯುತ್ತು ಕೊಟ್ಟು, ಎರಡರ ನಡುವೆ ನಾದದ ವಾಯರನ್ನೂ ಎಳೆದರೆ, ಭೂಮಿಯ ತಂತಿಯೂ ವಾಯರಿನ ಕವಚವೂ ಸೇರಿ ಒಂದು ದೊಡ್ಡ ಉಂಗುರವಾಗುತ್ತದೆ. ಗೋಡೆಯ ವಿದ್ಯುತ್ತಿನ ತೂಗಾಟ ಆ ಉಂಗುರದಲ್ಲಿ ಸುತ್ತುತ್ತ ನಾದದೊಳಗೆ ಬೆರೆಯುತ್ತದೆ. ಸಂಗೀತ ಬಲ್ಲ ಓದುಗರಿಗೆ ಒಂದು ಕುತೂಹಲದ ಸಂಗತಿ: ಆ 50 ಆವರ್ತದ ಗುಂಯ್ ಬಿಳಿ ಐದರ ಅತಿಮಂದ್ರಕ್ಕೆ ಹತ್ತಿರ, ಆದರೆ ಅದಕ್ಕಿಂತ ತುಸು ಏರು; ಬಿಳಿ ಐದಕ್ಕೂ ಸಲ್ಲ, ಕರಿಗೂ ಸಲ್ಲ. ಗಾಯಕ ಯಾವ ಶ್ರುತಿ ಹಿಡಿದರೂ ಅದು ಅಪಸ್ವರವೇ. ಬೇಸ್ ಗಿಟಾರಿನ ಕೊನೆಯ ತಂತಿ ಸುಮಾರು 41, ಅದರ ಮೇಲಿನದು 55 ಆವರ್ತದ್ದು. ಗುಂಯ್ ಇವೆರಡರ ನಡುವೆ ಬಂದು ಕುಳಿತಿರುವುದರಿಂದ, ಗುಂಡಿ ತಿರುವಿ ಅದನ್ನು ಕಡಿಮೆ ಮಾಡಹೋದರೆ ಬೇಸಿನ ಜೀವವೇ ಹೋಗುತ್ತದೆ. ಮುಂಡರಗಿಯ ಹುಡುಗ ಮೂರು ವರ್ಷ ಇದನ್ನೇ ಮಾಡುತ್ತಿದ್ದನಂತೆ. "ನನ್ನ ಬೇಸ್ ಯಾಕ ಕೇಳಂಗಿಲ್ಲ ಅಂತ ನನಗ ತಿಳೀತಿದ್ದಿಲ್ರಿ ಅಜ್ಜಾರ" ಎಂದ.

ಭೂಮಿಯ ಪಿನ್ನನ್ನು ಕಿತ್ತರೆ ಉಂಗುರ ಹರಿದು ಗುಂಯ್ ನಿಲ್ಲುತ್ತದೆ, ನಿಜ. ಅಪಾಯವಿರುವುದೇ ಅಲ್ಲಿ. ಗಿಟಾರಿನ ತಂತಿಗಳು ವಾಯರಿನ ಕವಚದ ಮೂಲಕ ಧ್ವನಿವರ್ಧಕದ ಲೋಹದ ಮೈಗೆ ಕೂಡಿರುತ್ತವೆ. ಒಳಗಿನ ನಿರೋಧಕ ಹಳೆಯದಾಗಿ ವಿದ್ಯುತ್ತು ಮೈಗೆ ಸೋರಿದರೆ, ಭೂಮಿಯ ಪಿನ್ನು ಅದನ್ನು ನೆಲಕ್ಕೆ ಒಯ್ಯುತ್ತದೆ. ಪಿನ್ನಿಲ್ಲದಿದ್ದರೆ ತಂತಿ ಹಿಡಿದ ಕೈಗೆ ಬರುತ್ತದೆ, ಮೈಕು ತಾಗಿದ ತುಟಿಯಿಂದಲೋ ತೇವದ ಕಲ್ಲಿನ ಮೇಲಿನ ಬರಿಗಾಲಿನಿಂದಲೋ ಹೊರಗೆ ಹೋಗುತ್ತದೆ. ನಮ್ಮ ವೇದಿಕೆಗಳಲ್ಲಿ ಪಾದರಕ್ಷೆ ಇಲ್ಲ; ಇದು ನಮ್ಮ ಸಂಪ್ರದಾಯ, ಬಿಡುವಂಥದಲ್ಲ. ಆದ್ದರಿಂದ ನಾವು ಉಳಿದವರಿಗಿಂತ ಹೆಚ್ಚು ಜಾಗರೂಕರಾಗಿರಬೇಕಾಗಿತ್ತು. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿ ನಗರದ ವೇದಿಕೆಯಲ್ಲಿ ಲೆಸ್ಲಿ ಹಾರ್ವಿ ಎಂಬ ತರುಣ ಗಿಟಾರ್ ವಾದಕ ಮೈಕು ಮುಟ್ಟಿ ಸಭೆಯ ಎದುರಿಗೇ ಪ್ರಾಣಬಿಟ್ಟ. ಹಿರಿಯರು ಈ ಸಂಗತಿಯನ್ನು ಹೇಳಿದಾಗ ನಮ್ಮ ಹುಡುಗ ತನ್ನ ತುಟಿಯನ್ನು ಮುಟ್ಟಿ ನೋಡಿಕೊಂಡ.

ಗುಂಯ್‌ಗೆ ಸರಿಯಾದ ಮದ್ದುಗಳು ಬೇರೆ ಇವೆ. ವೇದಿಕೆಯ ಎಲ್ಲ ಉಪಕರಣಗಳಿಗೂ ಒಂದೇ ಬೋರ್ಡಿನಿಂದ ವಿದ್ಯುತ್ತು ಕೊಡುವುದು ಒಂದು. ಬೇಸಿನಿಂದ ಮೈಕ್ ಸೆಟ್ಟಿಗೆ ಹೋಗುವ ವಾಯರಿನ ನಡುವೆ ಡಿ.ಐ. ಎಂಬ ಪುಟ್ಟ ಪೆಟ್ಟಿಗೆ ಇಡುವುದು ಇನ್ನೊಂದು; ಅದರ ಮೇಲಿನ ಗ್ರೌಂಡ್ ಲಿಫ್ಟ್ ಗುಂಡಿ ನಾದದ ಕವಚವನ್ನಷ್ಟೇ ಬಿಡಿಸುತ್ತದೆ, ಗೋಡೆಯ ಅರ್ಥಿಂಗನ್ನು ಮುಟ್ಟುವುದಿಲ್ಲ. ಇದರ ಜೊತೆಗೆ ಬೋರ್ಡಿನ ಹಿಂದೆ 30 ಮಿಲಿಆಂಪಿಯರ್ ಸೋರಿಕೆಗೆ ತಾನಾಗಿ ಬೀಳುವ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚು ಇರಬೇಕು. ಜಾತ್ರೆಯ ಜನರೇಟರಿನ ಹತ್ತಿರವಂತೂ ಇದು ಇಲ್ಲದೆ ಹಾಡಬೇಡಿರೆಂದು ಹುಡುಗರಿಗೆ ಕಟ್ಟಪ್ಪಣೆ ಮಾಡಿದ್ದೇವೆ.

ಪೂರೈಕೆಯ ಪೆಟ್ಟಿಗೆಯನ್ನು ಕೊಳ್ಳುವ ಮಾತು ಬಂದಾಗ ಸೇವಾಸಮಿತಿಯಲ್ಲಿ ಚರ್ಚೆಯಾಯಿತು. ಕವಲು ತಂತಿಯ ಅಡಾಪ್ಟರಿಗೆ ಕೆಲವು ನೂರು ರೂಪಾಯಿ, ನಿಜವಾಗಿ ಬೇರ್ಪಡಿಸಿದ ಕವಲುಗಳ ಪೆಟ್ಟಿಗೆಗೆ ಹಲವು ಸಾವಿರ. ನಾದವನ್ನೇ ಮಾಡದ ಪೆಟ್ಟಿಗೆಗೆ ಇಷ್ಟು ಹಣವೇಕೆ ಎಂದು ಒಬ್ಬ ಸದಸ್ಯರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಹುಡುಗರು ಹೊಸ ಪೆಡಲೊಂದನ್ನು ಕೊಳ್ಳಲು ಕೂಡಿಸಿದ್ದ ಹಣವನ್ನು ತಾವಾಗಿ ತಂದು ಮೇಜಿನ ಮೇಲಿಟ್ಟರು. ಉಳಿದದ್ದಕ್ಕೆ ಆ ವರ್ಷದ ನಮ್ಮ ಕಾಣಿಕೆಯನ್ನು ಸೇರಿಸಿದೆವು. ಮತ್ತೆ ಚರ್ಚೆಯಾಗಲಿಲ್ಲ.

ಕೊಳ್ಳುವಾಗ ಎರಡು ಬಲೆಗಳನ್ನು ತಪ್ಪಿಸಿಕೊಂಡೆವು. ಬೇಸಿನ ಹುಡುಗನ ಸೋದರಮಾವ ಅಮೆರಿಕೆಯಲ್ಲಿದ್ದಾರೆ. ಅಲ್ಲಿಂದ ತಮ್ಮ ಹಳೆಯ ಪೆಟ್ಟಿಗೆಯನ್ನೇ ಕಳಿಸುವೆನೆಂದರು. ಅದರ ಬೆನ್ನಿನ ಚಿತ್ರ ತರಿಸಿ ನೋಡಿದರೆ 120 ವೋಲ್ಟು ಎಂದಷ್ಟೇ ಇತ್ತು. ನಮ್ಮ 230ಕ್ಕೆ ಹಚ್ಚಿದ್ದರೆ ಮೊದಲ ದಿನವೇ ಹೊಗೆ. ಪರದೇಶದಿಂದ ತರಿಸುವವರು 100ರಿಂದ 240 ಎಂದು ಬರೆದಿರುವುದನ್ನು ನೋಡಿಕೊಳ್ಳಬೇಕು. ಎರಡನೆಯದು ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಅಗ್ಗಕ್ಕೆ ಸಿಕ್ಕ ಪೆಟ್ಟಿಗೆ. ಅದರ ಮೇಲೆ ಎಲ್ಲ ಕವಲೂ ಬೇರೆ ಬೇರೆ ಎಂದು ಇಂಗ್ಲಿಷಿನಲ್ಲಿ ದಪ್ಪಕ್ಷರವಿತ್ತು. ಹಿರಿಯರು ತಮ್ಮ ಮೀಟರನ್ನು ಕಳಿಸಿಕೊಟ್ಟಿದ್ದರು. ವಿದ್ಯುತ್ತು ಕೊಡುವ ಮೊದಲೇ ಎರಡು ಕವಲುಗಳ ನಡುವಿನ ಪಿನ್ನುಗಳಿಗೆ ಮೀಟರಿನ ಕಡ್ಡಿಗಳನ್ನು ಮುಟ್ಟಿಸಿದಾಗ ಅದು ಕೂಗಿತು. ಕೂಗಿದರೆ ಒಳಗೆ ಎಲ್ಲ ಒಂದೇ ತಾಟು ಎಂದರ್ಥ. ಅದನ್ನು ಬಿಟ್ಟು ಮೀಟರು ಕೂಗದ ಪೆಟ್ಟಿಗೆಯನ್ನು ತಂದೆವು: ಎಂಟು ಕವಲು, ಐದು 100 ಮಿಲಿಆಂಪಿಯರಿನವು, ಮೂರು 300ರವು. ಮಾರ್ದನಿಯ ಪೆಡಲಿಗೆ 95 ಸಾಕಾದರೂ 100ರ ಕವಲು ಇಕ್ಕಟ್ಟೆಂದು ಅದನ್ನು 300ಕ್ಕೆ ಹಚ್ಚಿದೆವು. ಹಳೆಯ ಧ್ವನಿವರ್ಧಕವನ್ನು ಯಾರಿಗೂ ಕೊಡದೆ ಬಿಚ್ಚಿಹಾಕಿಸಿದೆವು.

ಎಲ್ಲ ಮುಗಿಯಿತೆಂದು ನಾವು ತಿಳಿದಿದ್ದೆವು. ಮೊದಲ ತಾಲೀಮಿಗೆಂದು ನಾವು ಇರುವ ಮಠದ ಸಭಾಂಗಣದಲ್ಲಿ ಎಲ್ಲವನ್ನೂ ಜೋಡಿಸುವ ಮುಂಚೆ ಹಿರಿಯರು ತಮ್ಮ ಮೀಟರನ್ನು ಗೋಡೆಯ ಬೋರ್ಡಿಗೆ ಹಚ್ಚಿ, ಕಣ್ಣು ಕಿರಿದು ಮಾಡಿ, "ಇಲ್ಲೆ ಅರ್ಥಿಂಗ ಇಲ್ಲರಿ" ಎಂದರು. ಮೂರನೆಯ ತೂತಿನ ಹಿಂದೆ ತಂತಿಯೇ ಇರಲಿಲ್ಲ. ಎಷ್ಟೋ ವರ್ಷಗಳಿಂದ ಪ್ರಸಾದನಿಲಯದ ಮಕ್ಕಳು ಇಸ್ತ್ರಿ ಪೆಟ್ಟಿಗೆಯನ್ನೂ ನೀರು ಕಾಯಿಸುವ ಕಾಯ್ಲನ್ನೂ ಅದೇ ಬೋರ್ಡಿಗೆ ಹಚ್ಚುತ್ತಿದ್ದರು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಹಗಲಿರುಳು ತಿರುಗಿ ವಿದ್ಯುತ್ತು ಮಾಡುವ ನಾಡಿನಲ್ಲಿ, ನಮ್ಮ ಕಾಲಬುಡದಲ್ಲಿ ಅದನ್ನು ನೆಲಕ್ಕಿಳಿಸುವ ಒಂದು ತಂತಿ ಇಲ್ಲ!

ಮರುದಿನವೇ ಅಂಗಳದ ಮೂಲೆಯಲ್ಲಿ ಆಳೆತ್ತರದ ಗುಂಡಿ ತೋಡಿಸಿದೆವು. ಪರವಾನಗಿ ಪಡೆದ ಎಲೆಕ್ಟ್ರಿಶಿಯನ್ ಒಬ್ಬರು ಅದರಲ್ಲಿ ಜಿ.ಐ. ಪೈಪು ನಿಲ್ಲಿಸಿ, ಸುತ್ತ ಇದ್ದಿಲು, ಉಪ್ಪು ಪದರುಪದರಾಗಿ ಹಾಕಿ, ಅಲ್ಲಿಂದ ಎಲ್ಲ ಬೋರ್ಡುಗಳಿಗೂ ತಂತಿ ಎಳೆದರು. ಹುಡುಗರು ಆ ಸಂಜೆ ನುಡಿಸಿದರು. ನಡುನಡುವೆ ನಿಲ್ಲಿಸಿದಾಗ ಹೊರಗಿನ ಬೇವಿನ ಮರದ ಹಕ್ಕಿಗಳು ಕೇಳುತ್ತಿದ್ದವು.

ನಮ್ಮದು ಎರೆಭೂಮಿ, ಮಳೆಗಾಲದಲ್ಲಿ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರುಕುಬಿಡುತ್ತದೆ, ಆಗ ಅರ್ಥಿಂಗಿನ ಕಸುವೂ ಇಳಿಯುತ್ತದೆ. ಯುಗಾದಿಯಿಂದ ಮಳೆ ಬೀಳುವವರೆಗೆ ವಾರಕ್ಕೊಮ್ಮೆ ಆ ಪೈಪಿನ ಬಾಯಿಗೆ ಎರಡು ಕೊಡ ನೀರು ಹಾಕುವ ಕೆಲಸವನ್ನು ನಾವು ವಹಿಸಿಕೊಂಡಿದ್ದೇವೆ.